ಡ್ರೈಯರ್ ತಿರುಗುತ್ತದೆ, ಆದರೆ ಬಿಸಿಯಾಗುವುದಿಲ್ಲ: ಮನೆಯಲ್ಲೇ ಸರಿಮಾಡಲು ಸಮಗ್ರ ಮಾರ್ಗದರ್ಶಿ

ಜೋರು ಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ. ಮಗಳ ಯೂನಿಫಾರಂ ತೆಗೆಯಲು ಡ್ರೈಯರ್ ಬಾಗಿಲು ತೆರೆದರೆ, ಹಾಕುವಾಗ ಎಷ್ಟು ಚಂಡಿ, ಅಂದರೆ ಒದ್ದೆ, ಇತ್ತೋ ಅಷ್ಟೇ ಚಂಡಿ. ಮುಕ್ಕಾಲು ಗಂಟೆ ಡ್ರಮ್ ತಿರುಗಿದ ಸದ್ದು ನಾನೇ ಕೇಳಿದ್ದೆ. ಒಳಗೆ ಕೈ ಹಾಕಿದರೆ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗೆ. ಸ್ಕೂಲ್ ವ್ಯಾನ್ ಬರಲು ಇಪ್ಪತ್ತು ನಿಮಿಷ ಇತ್ತು. ಇಸ್ತ್ರಿಪೆಟ್ಟಿಗೆ ಒತ್ತಿ ಒತ್ತಿ, ಆವಿ ಎಬ್ಬಿಸಿ, ಹೇಗೋ ಕಳಿಸಿದೆವು.

ಮೆಕ್ಯಾನಿಕ್ ಬಂದರು. ಹಿಂದಿನ ತಗಡು ಬಿಚ್ಚಿ ಒಂದು ಸಣ್ಣ ಫ್ಯೂಸ್ ಬದಲಿಸಿದರು. ಬಿಸಿ ಬಂತು. ಮೂರು ವಾರಕ್ಕೆ ಮತ್ತೆ ತಣ್ಣಗೆ. ಮತ್ತೆ ಅದೇ ಫ್ಯೂಸ್. ಮೂರನೇ ಸಲ ನಾನೇ ಕುಳಿತು ಹುಡುಕಿದೆ. ತೊಂದರೆ ಮೆಷಿನ್ ಒಳಗೆ ಇರಲೇ ಇಲ್ಲ ಮಾರಾಯ್ರೇ! ಹೊರಗೋಡೆಯಲ್ಲಿ, ಗಾಳಿ ಹೋಗುವ ಪೈಪಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದರ ಹಿಂದೆ ಬಟ್ಟೆಯ ನೂಲು ಒದ್ದೆಯಾಗಿ ಗಂಜಿಯ ಹಾಗೆ ಕೂತಿತ್ತು. ಗಾಳಿ ಹೊರಗೆ ಹೋಗಲಿಲ್ಲ, ಬಿಸಿ ಒಳಗೇ ಏರಿತು, ಫ್ಯೂಸ್ ಸುಟ್ಟಿತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಹಾಗಾಗಿ ಇಲ್ಲಿನ ಕ್ರಮ ಹೀಗೆ: ಮೊದಲು ಗಾಳಿ, ಆಮೇಲೆ ಮಲ್ಟಿಮೀಟರ್ (ಕರೆಂಟಿನ ದಾರಿ ಅಳೆದು ನೋಡುವ ಸಣ್ಣ ಮೀಟರ್), ಬಿಡಿಭಾಗ ಖರೀದಿ ಕೊನೆಗೆ. ತಿರುಗಿಸಿ ಮಾಡಿದರೆ ಅಂಗಡಿಯವನಿಗೆ ಲಾಭ.

ನಿಮ್ಮದು ಯಾವ ಡ್ರೈಯರ್?

ನಮ್ಮ ಉಡುಪಿ, ಮಂಗಳೂರು ಕಡೆ 'ಡ್ರೈಯರ್ ಹಾಳಾಗಿದೆ' ಅಂದರೆ ಅರ್ಧ ಜನ ಹೇಳುವುದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್‌ನ ಪಕ್ಕದ ಸಣ್ಣ ತೊಟ್ಟಿಯ ಬಗ್ಗೆ. ಅದರಲ್ಲಿ ಹೀಟರ್ ಇರುವುದೇ ಇಲ್ಲ. ಜೋರಾಗಿ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಅದು ಬಿಸಿಯಾಗುತ್ತಿಲ್ಲ ಅಂತ ಚಿಂತೆ ಬೇಡ.

ಬಿಸಿ ಗಾಳಿಯ ನಿಜವಾದ ಡ್ರೈಯರ್‌ಗಳಲ್ಲಿ ಮೂರು ಬಗೆ. ಒಂದು, ಹಿಂಬದಿಯಿಂದಲೋ ಪಕ್ಕದಿಂದಲೋ ದಪ್ಪ ಪೈಪಿನಲ್ಲಿ ಒದ್ದೆ ಗಾಳಿಯನ್ನು ಹೊರಹಾಕುವ ವೆಂಟೆಡ್ ಡ್ರೈಯರ್. ಇನ್ನೊಂದು ಕಂಡೆನ್ಸರ್ ಡ್ರೈಯರ್. ಇದು ಆವಿಯನ್ನು ತಣಿಸಿ ನೀರಾಗಿಸಿ ಒಂದು ಡಬ್ಬದಲ್ಲಿ ತುಂಬಿಡುತ್ತದೆ. ಈ ಎರಡರಲ್ಲೂ ಹೀಟರ್ ಕಾಯಿಲ್ ಇರುತ್ತದೆ. ಈ ಬರಹ ಇವುಗಳ ಬಗ್ಗೆ.

ಮೂರನೆಯದು ಹೀಟ್ ಪಂಪ್. ಅದರೊಳಗೆ ಫ್ರಿಜ್‌ನ ಹಾಗೆ ಕಂಪ್ರೆಸರ್, ಗ್ಯಾಸ್ ಎಲ್ಲ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇರುವ ಗ್ಯಾಸ್ ಆರ್290, ಅಂದರೆ ಪ್ರೊಪೇನ್. ಬೆಂಕಿ ಹಿಡಿಯುವ ಗ್ಯಾಸ್. ಅದರ ಫಿಲ್ಟರ್ ಸ್ವಚ್ಛ ಮಾಡಿ, ಅದಕ್ಕಿಂತ ಮುಂದೆ ಹೋಗಬೇಡಿ.

ಇನ್ನೊಂದು ಮಾತು. ಯೂಟ್ಯೂಬ್‌ನಲ್ಲಿ ಈ ರಿಪೇರಿಯ ವಿಡಿಯೋ ಹುಡುಕಿದರೆ ಸಿಗುವುದು ಹೆಚ್ಚಾಗಿ ಅಮೆರಿಕದವರದ್ದು. ಅಲ್ಲಿನ ಡ್ರೈಯರ್‌ಗೆ 240 ವೋಲ್ಟ್ ಎರಡು ಲೈನ್‌ಗಳಲ್ಲಿ ಬರುತ್ತದೆ. ಒಂದು ಲೈನ್ ಹೋದರೆ ಮೋಟರ್ ತಿರುಗುತ್ತದೆ, ಹೀಟರ್ ಸತ್ತಿರುತ್ತದೆ. ಅದಕ್ಕೇ ಅವರು ಮೊದಲು ಬ್ರೇಕರ್ ನೋಡಿ ಅನ್ನುತ್ತಾರೆ. ನಮ್ಮ ಡ್ರೈಯರ್‌ಗಳು ಸಿಂಗಲ್ ಫೇಸ್, 230 ವೋಲ್ಟ್. ಡ್ರಮ್ ತಿರುಗಿತು ಅಂದರೆ ಕರೆಂಟು ಒಳಗೆ ಬಂದಿದೆ ಅಂತಲೇ ಲೆಕ್ಕ. ಅವರ ಹೀಟರ್ 5000 ವ್ಯಾಟ್ ಆಸುಪಾಸಿನದು, ಮಲ್ಟಿಮೀಟರಿನಲ್ಲಿ ಸುಮಾರು 11 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ತೋರಿಸುತ್ತದೆ. ನಮ್ಮ 2000 ವ್ಯಾಟಿನದು 26 ತೋರಿಸುತ್ತದೆ. ಆ ವಿಡಿಯೋ ನಂಬಿ ಒಳ್ಳೆಯ ಹೀಟರ್ ಬಿಸಾಡಿದವರು ಇದ್ದಾರೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಸೆಟ್ಟಿಂಗ್ ನೋಡಿ. ನಗಬೇಡಿ, ನಮ್ಮತ್ತೆ ಒಂದು ವಾರ ತಣ್ಣನೆ ಗಾಳಿಯ ಪ್ರೋಗ್ರಾಂನಲ್ಲೇ ಓಡಿಸಿದ್ದರು. ಬಟ್ಟೆ ಗಾಳಿಯಾಡಿಸುವ, ಸುಕ್ಕು ತಪ್ಪಿಸುವ ಪ್ರೋಗ್ರಾಂಗಳಲ್ಲಿ ಹೀಟರ್ ಹೊತ್ತಿಕೊಳ್ಳದೆ ಇರಬಹುದು. ಟೈಮರ್ ತಿರುಗಿಸುವ ಮೆಷಿನ್‌ಗಳಲ್ಲಿ ಕೊನೆಯ ಹತ್ತು ನಿಮಿಷ ಸಾಮಾನ್ಯವಾಗಿ ತಣಿಸುವ ಹೊತ್ತು. ಬರೀ ಹತ್ತು ನಿಮಿಷಕ್ಕೆ ಇಟ್ಟು ಬಿಸಿ ಇಲ್ಲ ಅಂದರೆ ಅದು ಮೆಷಿನ್ ತಪ್ಪಲ್ಲ. ಪರೀಕ್ಷೆಗೆ ಜಾಸ್ತಿ ಹೀಟ್, ನಲವತ್ತು ನಿಮಿಷ ಇಡಿ.

ಪ್ಲಗ್ ಮುಟ್ಟಿ ನೋಡಿ. 2000 ವ್ಯಾಟ್ ಹೀಟರ್ ಎಳೆಯುವ ಕರೆಂಟು ಸುಮಾರು 8.7 ಆಂಪಿಯರ್. ಇದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಹಿಂದಿನ ಜಗಲಿಗೆ ಸಪೂರ ವಯರಿನ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು, ಅದಕ್ಕೆ ಕನ್ವರ್ಟರ್ ಪಿನ್ ಸಿಕ್ಕಿಸಿ ಓಡಿಸಿದರೆ ಮೊದಲು ಕರಗುವುದು ಆ ಪಿನ್. ಕಂದು ಬಣ್ಣ, ಸುಟ್ಟ ಮೀನಿನಂಥ ವಾಸನೆ ಇದ್ದರೆ ಅಲ್ಲೇ ನಿಲ್ಲಿಸಿ, ಮೊದಲು ಸಾಕೆಟ್ ಬದಲಿಸಿ.

ವೋಲ್ಟೇಜ್ ಕೂಡ ನೋಡಬೇಕು. ಮಳೆಗಾಲದಲ್ಲಿ ಕರೆಂಟು ಮಂದವಾಗುವುದು ನಮಗೆ ಹೊಸತಲ್ಲ. ಮೋಟರ್ 190 ವೋಲ್ಟಿನಲ್ಲೂ ಹೇಗೋ ತಿರುಗುತ್ತದೆ. ಹೀಟರ್ ಹಾಗಲ್ಲ, ಅದರ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 190 ವೋಲ್ಟ್ ಇದ್ದರೆ 2000 ವ್ಯಾಟ್ ಹೀಟರ್ ಕೊಡುವುದು 1365 ವ್ಯಾಟ್ ಅಷ್ಟೇ. ಮೂರರಲ್ಲಿ ಒಂದು ಪಾಲು ಬಿಸಿ ಹೋಯಿತು. ಫ್ರಿಜ್ ಸ್ಟೆಬಿಲೈಜರ್‌ನ ಡಿಸ್‌ಪ್ಲೇಯಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಅಂತ ಒಮ್ಮೆ ನೋಡಿ.

ಈಗ ನನಗೆ ಅತಿ ಇಷ್ಟವಾದ ಪರೀಕ್ಷೆ. ಇದಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಮನೆಯ ಕರೆಂಟು ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಇಂಪ್ ಅಂತಲೋ 1600 ಇಂಪ್ ಅಂತಲೋ ಬರೆದಿರುತ್ತದೆ. ಒಂದು ಯೂನಿಟ್ ಖರ್ಚಾಗಲು ಅಷ್ಟು ಸಲ ಮಿಣುಕುತ್ತದೆ ಅಂತ ಅರ್ಥ. ಮನೆಯ ಉಳಿದ ಎಲ್ಲವನ್ನೂ, ಫ್ರಿಜ್, ಪಂಪ್ ಸಮೇತ ಆಫ್ ಮಾಡಿ. ಡ್ರೈಯರ್ ಮಾತ್ರ ಓಡಲಿ. ಒಂದು ನಿಮಿಷ ಎಣಿಸಿ.

ಮೀಟರ್ 3200ದ್ದಾದರೆ, ಬರೀ ಮೋಟರ್ ಓಡುವಾಗ, ಅಂದರೆ ಸುಮಾರು 200 ವ್ಯಾಟಿಗೆ, ನಿಮಿಷಕ್ಕೆ ಹತ್ತು ಹನ್ನೊಂದು ಮಿಣುಕು. ಜೊತೆಗೆ 2000 ವ್ಯಾಟ್ ಹೀಟರ್ ಹೊತ್ತಿಕೊಂಡರೆ ಸುಮಾರು 117. ಎಣಿಸುವುದೇ ಕಷ್ಟ ಆಗುವಷ್ಟು ಜೋರು. ಅರವತ್ತರ ಆಸುಪಾಸು ಬಂತಾ? ಹಾಗಾದರೆ ನಿಮ್ಮದು ಎರಡು ಕಾಯಿಲ್‌ನ ಹೀಟರ್, ಒಂದು ಕಾಯಿಲ್ ಹೋಗಿರಬಹುದು. ಇಲ್ಲವೇ ಕಡಿಮೆ ಹೀಟ್‌ಗೆ ಇಟ್ಟಿದ್ದೀರಿ. ಮೀಟರ್ 1600ದ್ದಾದರೆ ಎಲ್ಲ ಲೆಕ್ಕ ಅರ್ಧ. ಫ್ಲ್ಯಾಟ್‌ನಲ್ಲಿ ಮೀಟರ್ ಕೆಳಗೆ ಇರುತ್ತದೆ. ಒಬ್ಬರು ಕೆಳಗೆ, ಒಬ್ಬರು ಮೇಲೆ, ನಡುವೆ ಫೋನು.

ಮಿಣುಕು 117 ಇದ್ದೂ ಬಟ್ಟೆ ಒಣಗುತ್ತಿಲ್ಲ ಅಂದರೆ ಹೀಟರ್ ಸರಿಯಾಗಿದೆ, ಗಾಳಿ ಸರಿಯಿಲ್ಲ. ಹನ್ನೊಂದೇ ಇದ್ದರೆ ಹೀಟರಿಗೆ ಕರೆಂಟು ಹೋಗುತ್ತಿಲ್ಲ. ಮೊದಲು ಜೋರಾಗಿ ಮಿಣುಕಿ ಐದೇ ನಿಮಿಷಕ್ಕೆ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಜೋರಾದರೆ ಥರ್ಮೋಸ್ಟ್ಯಾಟ್, ಅಂದರೆ ಬಿಸಿ ಜಾಸ್ತಿಯಾದರೆ ಕರೆಂಟು ಕಡಿಯುವ ಭಾಗ, ಕಟ್ ಮಾಡುತ್ತಿದೆ. ಆಗಲೂ ಅನುಮಾನ ಗಾಳಿಯ ಮೇಲೆಯೇ.

ಗಾಳಿಯ ದಾರಿ

ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.65 ಯೂನಿಟ್ ಬಿಸಿ ಬೇಕು. ಆ ಆವಿಯನ್ನು ಹೊತ್ತುಕೊಂಡು ಹೊರಗೆ ಹೋಗಬೇಕಾದ್ದು ಗಾಳಿ. ಗಾಳಿ ನಿಂತರೆ ಎಷ್ಟು ಬಿಸಿ ಇದ್ದರೂ ನಿಮ್ಮ ಬಟ್ಟೆ ಇಡ್ಲಿಯ ಹಾಗೆ ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಮೊದಲು ಫಿಲ್ಟರ್. ಬೈರಾಸು, ಲುಂಗಿ, ಹಳೆಯ ಕಾಟನ್ ಬೆಡ್‌ಶೀಟ್, ಇವೆಲ್ಲ ರಾಶಿ ನೂಲು ಬಿಡುತ್ತವೆ. ಪ್ರತಿ ಸಲ ತೆಗೆಯಬೇಕು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಬಟ್ಟೆ ಮೃದುವಾಗಲು ಹಾಕುವ ಕಂಡೀಷನರ್ ಫಿಲ್ಟರಿನ ಬಲೆಯ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ಫಿಲ್ಟರ್ ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸೀದಾ ಇಳಿದರೆ ಸರಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನಿಂತರೆ ಪಾತ್ರೆ ಸೋಪು ಹಾಕಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಪೂರ್ತಿ ಒಣಗಿಸಿಯೇ ವಾಪಸ್ ಹಾಕಿ. ಫಿಲ್ಟರ್ ಕೂರುವ ಗುಂಡಿಯೊಳಗೂ ಟಾರ್ಚ್ ಬಿಡಿ, ಅಲ್ಲಿ ಜಾಸ್ತಿ ಇರುತ್ತದೆ.

ಕಂಡೆನ್ಸರ್ ಬಗೆಯದಾದರೆ ಕೆಳಗಿನ ಬಾಗಿಲಿನಲ್ಲಿ ಕಂಡೆನ್ಸರ್ ಇರುತ್ತದೆ. ಹೊರಗೆ ತೆಗೆಯಲು ಬರುವಂಥದ್ದಾದರೆ ತೆಗೆದು ನೀರಲ್ಲಿ ತೊಳೆಯಿರಿ. ನೀರಿನ ಡಬ್ಬ ಖಾಲಿ ಮಾಡಿ. ಅಷ್ಟು ಸಾಕು, ಮುಂದಿನ ಪೈಪಿನ ಕತೆ ನಿಮಗಲ್ಲ.

ವೆಂಟೆಡ್‌ನವರು ಈಗ ಪೈಪ್ ಕಳಚಿ. ಸುಮಾರು ನಾಲ್ಕು ಇಂಚಿನ ಮಡಚುವ ಪೈಪು. ಅದು ಗೋಡೆಗೆ ಒತ್ತಿ ಚಪ್ಪಟೆಯಾಗಿದೆಯಾ? ನಡುವೆ ಜೋತುಬಿದ್ದು ನೀರು ನಿಂತಿದೆಯಾ? ಒಳಗಿನ ಬಿಸಿ ಆವಿ ಪೈಪಿನಲ್ಲೇ ತಣಿದು ನೀರಾಗುತ್ತದೆ, ಅದಕ್ಕೆ ನೂಲು ಅಂಟಿ ಕೆಸರಾಗುತ್ತದೆ. ಪೈಪ್ ಎಷ್ಟು ಗಿಡ್ಡ, ಎಷ್ಟು ನೇರ ಇದೆಯೋ ಅಷ್ಟು ಒಳ್ಳೆಯದು.

ಹೊರಗಿನ ಬಾಯಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಊರಿನವರೆಲ್ಲ ಮಾಡುವ ತಪ್ಪು ಇಲ್ಲಿದೆ. ಹಲ್ಲಿ, ಜಿರಳೆ ಬರಬಾರದು ಅಂತ ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟುತ್ತೇವೆ. ನಾನೂ ಕಟ್ಟಿದ್ದೆ. ಆ ಸಣ್ಣ ಕಣ್ಣಿನ ಬಲೆ ಕೆಲವೇ ದಿನಗಳಲ್ಲಿ ನೂಲು ಹಿಡಿದು ಕಂಬಳಿಯಾಗುತ್ತದೆ. ಬಲೆ ತೆಗೆದರೆ ಕಣಜ ಬರುತ್ತದೆ. ನಮ್ಮ ಡ್ರೈಯರ್ ಅಕ್ಟೋಬರ್‌ನಿಂದ ಮೇ ತನಕ ಸುಮ್ನೆ ಕೂತಿರುತ್ತದೆ. ಎಂಟು ತಿಂಗಳು ಗಾಳಿ ಬೀಸದ ತೂತು ಅಂದರೆ ಕಣಜಕ್ಕೆ ಬಾಡಿಗೆ ಇಲ್ಲದ ಮನೆ. ಇದಕ್ಕೆ ಪರಿಹಾರ ಗಾಳಿ ಬಂದಾಗ ತಾನೇ ತೆರೆದು, ನಿಂತಾಗ ಮುಚ್ಚಿಕೊಳ್ಳುವ ಫ್ಲ್ಯಾಪ್. ಎರಚಲು ಮಳೆಯೂ ಒಳಗೆ ಬರುವುದಿಲ್ಲ.

ಪರೀಕ್ಷೆ ಸುಲಭ. ಕಿಟಕಿ ತೆರೆದಿಟ್ಟು, ಪೈಪ್ ಪೂರ್ತಿ ಕಳಚಿ ಹತ್ತು ನಿಮಿಷ ಓಡಿಸಿ. ಮೆಷಿನ್ ಹಿಂದಿನ ತೂತಿನಿಂದ ಗಾಳಿ ಜೋರಾಗಿ, ಬಿಸಿಯಾಗಿ ಬಂದರೆ ತೊಂದರೆ ಪೈಪಿನದ್ದು. ಗಾಳಿ ಜೋರು ಇದ್ದೂ ತಣ್ಣಗಿದ್ದರೆ ಒಳಗೆ ನೋಡಬೇಕು. ಡ್ರಮ್ ತಿರುಗಿದರೂ ಗಾಳಿಯೇ ಇಲ್ಲದಿದ್ದರೆ ಫ್ಯಾನಿಗೆ ನೂಲು ಸುತ್ತಿದೆ, ಇಲ್ಲವೇ ಫ್ಯಾನು ತನ್ನ ದಂಡದ ಮೇಲೆ ಸಡಿಲವಾಗಿದೆ.

ಕೋಣೆಯ ಕಿಟಕಿ ಮರೆಯಬೇಡಿ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಎರಚಲು ಬರುತ್ತದೆ ಅಂತ ಕಿಟಕಿ ಮುಚ್ಚಿ, ಪೈಪನ್ನು ಕೋಣೆಯೊಳಗೇ ಬಿಟ್ಟು ಡ್ರೈಯರ್ ಓಡಿಸಿದರೆ ಅದು ತಾನು ಬಿಟ್ಟ ಆವಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗೋಡೆಗೆ ಬೂಷ್ಟು, ಬಟ್ಟೆಗೆ ಮುಗ್ಗಲು ವಾಸನೆ. ಆಮೇಲೆ 'ಹೀಟರ್ ಹೋಗಿದೆ' ಅಂತ ಫೋನು.

ಬಿಚ್ಚುವ ಮೊದಲು ಜೀವದ ವಿಷಯ

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಈ ಕೆಲಸ ಬೇಡ. ಒಣ ನೆಲ, ರಬ್ಬರ್ ಚಪ್ಪಲಿ, ಹಗಲು ಬೆಳಕು. ಗುಡುಗು ಇರುವಾಗ ಬೇಡವೇ ಬೇಡ.

ಹಲವು ಮೆಷಿನ್‌ಗಳ ಮೋಟರ್ ಪಕ್ಕ ಉರುಟು ಡಬ್ಬದಂಥ ಕೆಪಾಸಿಟರ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು. ನಮ್ಮ ಕೆಲಸಕ್ಕೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಅದರ ತುದಿಗಳಿಂದ ದೂರ ಇರಿ.

ಮನೆಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್, ಇರಲೇಬೇಕು. ನಮ್ಮ ಕಡೆ ಎಲ್ಲರೂ ಇಎಲ್‌ಸಿಬಿ ಅಂತಲೇ ಹೇಳುವುದು. ಮಳೆಗಾಲದಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ ಅಂತ ಅದನ್ನು ಬೈಪಾಸ್ ಮಾಡಿದ ಮನೆಗಳನ್ನು ನೋಡಿದ್ದೇನೆ. ಅಂಥ ಮನೆಯಲ್ಲಿ ತಗಡಿನ ಡ್ರೈಯರ್ ಇಟ್ಟುಕೊಳ್ಳುವುದೇ ತಪ್ಪು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಪ್ಲಸ್ ಸ್ಕ್ರೂಡ್ರೈವರ್, ನಕ್ಷತ್ರದಂಥ ತುದಿಯ ಟಾರ್ಕ್ಸ್ ಬಿಟ್, ಮೂಗಿನ ಪಕ್ಕಡ್, ಪೇಂಟ್ ಬ್ರಷ್, ಟಾರ್ಚ್, ಕೆಲವೇ ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್. ಕೈಗೆ ಗವಸು ಹಾಕಿ, ಒಳಗಿನ ತಗಡಿನ ಅಂಚು ಮೀನು ಕೊಯ್ಯುವ ಮೆಟ್ಟುಕತ್ತಿಯಷ್ಟೇ ಚೂಪು. ಮೆಷಿನ್ ವಾರಂಟಿಯಲ್ಲಿ ಇದ್ದರೆ ಬಿಚ್ಚಬೇಡಿ.

ಒಳಗೆ ಹುಡುಕುವುದು

ಹೀಟರ್ ಸಾಮಾನ್ಯವಾಗಿ ಹಿಂದಿನ ತಗಡಿನ ಒಳಗೆ ಇರುತ್ತದೆ. ಸ್ಕ್ರೂ ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವಯರ್ ಕಳಚುವ ಮೊದಲು ಅದರ ಬಣ್ಣ ಕಾಣುವ ಹಾಗೆ ಇನ್ನೊಂದು ಫೋಟೋ. ತಗಡು ತೆಗೆದ ಕೂಡಲೇ ಬ್ರಷ್‌ನಿಂದ ನೂಲು ಗುಡಿಸಿ. ಒಣ ನೂಲಿಗೆ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು.

ಈಗ ಹೀಟರಿನ ತಗಡಿನ ಪೆಟ್ಟಿಗೆ ಕಾಣುತ್ತದೆ. ಅದರ ಮೈಮೇಲೆ ಗುಂಡಗೆ ನಾಣ್ಯದಷ್ಟು ದೊಡ್ಡ ಎರಡು ಮೂರು ಬಿಡಿಭಾಗ. ಕರೆಂಟು ಇವೆಲ್ಲದರ ಮೂಲಕ ಸಾಲಾಗಿ ಹಾದು ಹೀಟರ್ ತಲುಪುತ್ತದೆ. ಸಾಲಿನಲ್ಲಿ ಒಂದು ಕಡಿದರೂ ಹೀಟರ್ ತಣ್ಣಗೆ. ನಮ್ಮ ಕೆಲಸ ಕಡಿದದ್ದು ಯಾವುದು ಅಂತ ನೋಡುವುದು.

ಮಲ್ಟಿಮೀಟರನ್ನು ಓಮ್‌ಗೆ ಇಡಿ. ಅದರ ವಯರುಗಳ ತುದಿಯ ಎರಡು ಮುಳ್ಳು ಒಂದಕ್ಕೊಂದು ತಾಗಿಸಿ, 0.3, 0.5 ಹೀಗೆ ಏನೋ ತೋರಿಸುತ್ತದೆ. ಅದು ಮೀಟರಿನ ಸ್ವಂತ ವಯರಿನದ್ದು, ಕಳೆದುಬಿಡಿ. ಪ್ರತಿ ಭಾಗ ನೋಡುವಾಗ ಕನಿಷ್ಠ ಒಂದು ಕಡೆಯ ವಯರ್ ಕಳಚಬೇಕು. ಇಲ್ಲದಿದ್ದರೆ ಮೀಟರ್ ಇನ್ಯಾವುದೋ ದಾರಿ ಹಿಡಿದು ಸುಳ್ಳು ಹೇಳುತ್ತದೆ.

ಮೊದಲು ನೋಡಬೇಕಾದ್ದು ರೀಸೆಟ್ ಬಟನ್. ಕೆಲವು ಮೆಷಿನ್‌ಗಳ ಸೇಫ್ಟಿ ಥರ್ಮೋಸ್ಟ್ಯಾಟಿನ ನಡುವೆ ಸಣ್ಣ ಗುಂಡಿ ಇರುತ್ತದೆ. ಒತ್ತಿದಾಗ 'ಟಕ್' ಅಂದರೆ ಅದು ಜಿಗಿದಿತ್ತು, ಈಗ ಸರಿಯಾಯಿತು. ಅಷ್ಟಕ್ಕೇ ತಗಡು ಮುಚ್ಚಿ ಎದ್ದು ಹೋಗಬೇಡಿ. ಅದು ಜಿಗಿದದ್ದು ಅತಿ ಬಿಸಿಗೆ. ಗಾಳಿಯ ದಾರಿಗೆ ವಾಪಸ್ ಹೋಗಿ.

ಥರ್ಮಲ್ ಫ್ಯೂಸ್ ಬೇರೆ. ಅದಕ್ಕೆ ಗುಂಡಿ ಇಲ್ಲ. ಒಮ್ಮೆ ಸುಟ್ಟರೆ ಮುಗಿಯಿತು. ಮೀಟರ್ ಸೊನ್ನೆಯ ಹತ್ತಿರ ತೋರಿಸಿದರೆ ಜೀವಂತ, ಓ.ಎಲ್. (ದಾರಿ ಕಡಿದಿದೆ ಅಂತ ಅರ್ಥ) ಅಥವಾ 1 ಅಂತ ತೋರಿಸಿ ಅಲ್ಲಾಡದೆ ನಿಂತರೆ ಸತ್ತಿದೆ. ಹೊಸದು ತರುವಾಗ ಹಳೆಯದನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಮೈಮೇಲೆ ಬರೆದ ಡಿಗ್ರಿ, ಆಂಪಿಯರ್, ವೋಲ್ಟ್ ಮೂರೂ ಹೊಂದಬೇಕು. 'ಹತ್ತು ಡಿಗ್ರಿ ಜಾಸ್ತಿಯದು ಇದೆ, ಬಾಳಿಕೆ ಬರುತ್ತದೆ' ಅಂತ ಅಂಗಡಿಯಲ್ಲಿ ಹೇಳಿದರೆ ಬೇಡ ಅನ್ನಿ. ವಯರಿನ ತುದಿಯ ಸಣ್ಣ ಫ್ಯೂಸ್ ಆದರೆ ಸೋಲ್ಡರ್ ಮಾಡಬೇಡಿ, ಸೋಲ್ಡರಿನ ಬಿಸಿಗೆ ಹೊಸ ಫ್ಯೂಸೇ ಸುಟ್ಟುಹೋಗುತ್ತದೆ. ಒತ್ತಿ ಕಟ್ಟುವ ಕ್ರಿಂಪ್ ಬಳಸಿ. ತಂತಿ ಹಾಕಿ ಫ್ಯೂಸನ್ನೇ ದಾಟಿಸುವ ಉಪಾಯ ಹೇಳುವವರು ಸಿಗುತ್ತಾರೆ, 'ಒಂದು ದಿನಕ್ಕೆ ಅಲ್ವಾ' ಅಂತ. ಅರ್ಧ ಗಂಟೆಗೂ ಬೇಡ. ಆ ಫ್ಯೂಸ್ ಮತ್ತು ಮನೆಯ ಬೆಂಕಿಯ ನಡುವೆ ಬೇರೆ ಏನೂ ಇಲ್ಲ.

ಇನ್ನು ಬಿಸಿ ನಿಯಂತ್ರಿಸುವ ಥರ್ಮೋಸ್ಟ್ಯಾಟ್. ತಣ್ಣಗಿರುವಾಗ ಅದೂ ಸೊನ್ನೆಯ ಹತ್ತಿರ ತೋರಿಸಬೇಕು. ಹಲವುಗಳ ಮೇಲೆ ಡಿಗ್ರಿ ಅಚ್ಚಾಗಿರುತ್ತದೆ. ಎಲೆಕ್ಟ್ರಾನಿಕ್ ಮೆಷಿನ್‌ಗಳಲ್ಲಿ ಇದರ ಬದಲು ಎನ್‌ಟಿಸಿ ಸೆನ್ಸರ್ ಇರುತ್ತದೆ. ಅದರ ಓಮ್ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಆದರೆ ಗುಣ ಒಂದೇ: ಬಿಸಿಯಾದಂತೆ ಓಮ್ ಇಳಿಯಬೇಕು. ಮೀಟರ್ ಸಿಕ್ಕಿಸಿ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿಯಿರಿ. ಅಂಕಿ ನಿಧಾನಕ್ಕೆ ಇಳಿದರೆ ಸರಿ. ಜಿಗಿದರೆ, ಅಲ್ಲಾಡದೆ ನಿಂತರೆ ಬದಲಿಸಿ.

ಹೀಟರ್ ಲೆಕ್ಕ ಬಾಯಿಪಾಠ ಮಾಡಬೇಕಾಗಿಲ್ಲ. 230 ಗುಣಿಸು 230, ಅದನ್ನು ವ್ಯಾಟಿನಿಂದ ಭಾಗಿಸಿ. 1000 ವ್ಯಾಟ್ ಕಾಯಿಲ್ ಸುಮಾರು 53 ಓಮ್, 1500ದ್ದು 35, 2000ದ್ದು 26, 2500ದ್ದು 21. ಒಂದೆರಡು ಓಮ್ ಆಚೆ ಈಚೆ ಇರಲಿ. ಓ.ಎಲ್. ತೋರಿಸಿದರೆ ಕಾಯಿಲ್ ಕಡಿದಿದೆ. ಎರಡು ಕಾಯಿಲ್ ಇದ್ದರೆ ಎರಡನ್ನೂ ಬೇರೆ ಬೇರೆ ನೋಡಿ. ಕಡಿದ ಕಾಯಿಲ್ ತಿರುಚಿ ಗಂಟು ಹಾಕುವ ಹಳೆಯ ಇಸ್ತ್ರಿಪೆಟ್ಟಿಗೆ ಉಪಾಯ ಇಲ್ಲಿ ಬೇಡ. ಗಂಟು ಹಾಕಿದ ಜಾಗ ಕೆಂಪಗೆ ಕಾದು ಮತ್ತೆ ಕಡಿಯುತ್ತದೆ, ಕಡಿದ ತುಂಡು ತಗಡಿಗೆ ತಾಗುತ್ತದೆ.

ಅದಕ್ಕೇ ಇನ್ನೊಂದು ಪರೀಕ್ಷೆ. ಹೀಟರಿನ ಎರಡೂ ವಯರ್ ಕಳಚಿ, ಒಂದು ಮುಳ್ಳು ಹೀಟರಿನ ತುದಿಗೆ, ಇನ್ನೊಂದು ತಗಡಿಗೆ. ಓ.ಎಲ್. ಬರಬೇಕು. ಏನಾದರೂ ಅಂಕಿ ಬಂತು ಅಂದರೆ ಕರೆಂಟು ಮೈಗೆ ಬರುತ್ತಿದೆ, ಹೀಟರ್ ಬದಲಿಸಲೇಬೇಕು. ಆದರೆ ಈ ಸಣ್ಣ ಮೀಟರಿನ ಬ್ಯಾಟರಿ ಎಲ್ಲ ಸೋರಿಕೆಯನ್ನೂ ಹಿಡಿಯುವುದಿಲ್ಲ. ಮೀಟರ್ ಸರಿ ಅಂದರೂ ಹೀಟರ್ ಆನ್ ಆದ ಕೂಡಲೇ ಇಎಲ್‌ಸಿಬಿ ಬಿದ್ದರೆ ಇಎಲ್‌ಸಿಬಿಯನ್ನೇ ನಂಬಿ. ಎಲೆಕ್ಟ್ರಿಷಿಯನ್ ಹತ್ತಿರ ಇರುವ, ಸೋರಿಕೆ ಹಿಡಿಯುವ ಮೆಗ್ಗರ್ ಮೀಟರ್ 500 ವೋಲ್ಟಿನಲ್ಲಿ ಪರೀಕ್ಷೆ ಮಾಡುತ್ತದೆ.

ಜೂನ್ ಮೊದಲ ವಾರ ಇಎಲ್‌ಸಿಬಿ ಹೀಗೆ ಬೀಳುವುದಕ್ಕೆ ನಮ್ಮ ಕಡೆ ಒಂದು ವಿಶೇಷ ಕಾರಣ ಉಂಟು. ಕೊಳವೆಯಂಥ ಹೀಟರುಗಳ ಒಳಗೆ ಕಾಯಿಲ್ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಆ ಪುಡಿ ತೇವ ಹೀರುತ್ತದೆ. ತಿಂಗಳುಗಟ್ಟಲೆ ಸುಮ್ನೆ ಕೂತ ಹೀಟರ್ ಕಡಲ ತೀರದ ಗಾಳಿಯಲ್ಲಿ ತೇವ ಕುಡಿದು, ಮೊದಲ ದಿನವೇ ಸೋರುತ್ತದೆ. ಹಾಳಾಗಿದೆ ಅಂತ ಎಸೆಯುವ ಮೊದಲು ಮೆಗ್ಗರ್ ಇರುವವರ ಹತ್ತಿರ ತೋರಿಸಿ. ಬಿಚ್ಚಿ, ಹದ ಬಿಸಿಯಲ್ಲಿ ಒಣಗಿಸಿ, ಮತ್ತೆ ಅಳೆದರೆ ಎಷ್ಟೋ ಸಲ ಸರಿಯಾಗುತ್ತದೆ.

ಉಪ್ಪು, ಇರುವೆ, ಇಲಿ

ಎಲ್ಲ ಭಾಗವೂ ಸರಿ ತೋರಿಸಿ ಬಿಸಿ ಮಾತ್ರ ಇಲ್ಲ ಅಂದರೆ ವಯರಿನ ತುದಿಗಳನ್ನು ನೋಡಿ. ನಮ್ಮ ಮನೆ ಮಲ್ಪೆ ಕಡೆ, ಕಡಲ ಉಪ್ಪು ಗಾಳಿ. ಗೇಟಿನ ಬಿಜಾಗರಿಯಿಂದ ಹಿಡಿದು ಟಿವಿ ರಿಮೋಟಿನ ಸ್ಪ್ರಿಂಗಿನ ತನಕ ಎಲ್ಲದಕ್ಕೂ ಕಿಲುಬು. ಡ್ರೈಯರ್ ಒಳಗೆ ವಯರಿನ ತುದಿಗೆ ಒತ್ತಿ ಕೂರಿಸಿದ ಚಪ್ಪಟೆ ಲಗ್ಗುಗಳು ಬೇರೆ ಅಲ್ಲ. ಹಸಿರು ಅಥವಾ ಬಿಳಿ ಪುಡಿ ಕೂತು ಹಿಡಿತ ಸಡಿಲವಾಗುತ್ತದೆ. ಒಂಬತ್ತು ಆಂಪಿಯರ್ ಅಲ್ಲಿ ಹಾಯುವಾಗ ಲಗ್ಗು ಕಾಯುತ್ತದೆ, ವಯರಿನ ಹೊದಿಕೆ ಕಂದಾಗಿ ಪುಡಿಪುಡಿ ಆಗುತ್ತದೆ. ಇಂಥದ್ದನ್ನು ಉಜ್ಜಿ ಮತ್ತೆ ಸಿಕ್ಕಿಸಿದರೆ ಹೆಚ್ಚು ದಿನ ಬಾಳುವುದಿಲ್ಲ. ಕಪ್ಪಾದ ತುದಿ ಕತ್ತರಿಸಿ, ಒಳ್ಳೆಯ ತಾಮ್ರ ಕಾಣುವ ತನಕ ಸುಲಿದು, ಹೊಸ ಲಗ್ಗು ಗಟ್ಟಿ ಒತ್ತಿ. ಮೇಲೆ ಬಿಸಿ ತಡೆಯುವ ಫೈಬರ್‌ಗ್ಲಾಸ್ ಸ್ಲೀವ್ ಹಾಕಿ. ಸಾದಾ ಕಪ್ಪು ಟೇಪ್ ಹೀಟರಿನ ಹತ್ತಿರ ಕರಗುತ್ತದೆ. ಮಂಗಳೂರಿನವರಿಗೆ ಲಗ್ಗು, ಸ್ಲೀವ್ ಇಂಥ ಚಿಲ್ಲರೆ ಸಾಮಾನಿಗೆ ಹಂಪನಕಟ್ಟೆ ಸುತ್ತಮುತ್ತಲಿನ ಎಲೆಕ್ಟ್ರಿಕಲ್ ಅಂಗಡಿ ಸಾಕು. ಹೀಟರ್, ಥರ್ಮೋಸ್ಟ್ಯಾಟ್ ಮಾತ್ರ ಮಾಡೆಲ್ ನಂಬರ್ ಹೇಳಿ ಕಂಪನಿಯ ಸರ್ವೀಸ್ ಸೆಂಟರಿನಿಂದಲೇ ತರಿಸುವುದು ಒಳ್ಳೆಯದು.

ಬೆಚ್ಚಗಿನ ಪೆಟ್ಟಿಗೆ ಅಂದರೆ ಇರುವೆಗೂ ಹಲ್ಲಿಗೂ ಇಷ್ಟ. ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಹಲ್ಲಿ ಸತ್ತು ಅಂಟಿರುವುದು, ಇಲಿ ವಯರ್ ಕಡಿದಿರುವುದು ಎರಡೂ ಸಾಮಾನ್ಯ. ಹೀಟರನ್ನು ಆನ್ ಮಾಡುವ ರಿಲೇ ಆ ಬೋರ್ಡಿನಲ್ಲೇ ಇರುತ್ತದೆ. ರಿಲೇ 'ಟಕ್' ಅನ್ನುತ್ತದೆ, ಆದರೂ ಹೀಟರಿಗೆ ಕರೆಂಟು ಬರುವುದಿಲ್ಲ ಅಂದರೆ ಬೋರ್ಡಿನ ಮೇಲೆ ಸುಟ್ಟ ಕಲೆ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೋರ್ಡ್ ಬಿಚ್ಚಿ ರಿಪೇರಿಯವರಿಗೆ ಕೊಡಿ. ಮೆಷಿನ್ ತೆರೆದಿಟ್ಟು, ಕರೆಂಟು ಕೊಟ್ಟು ಮುಳ್ಳು ಚುಚ್ಚಿ ನೋಡುವುದು ಮನೆಯವರ ಕೆಲಸ ಅಲ್ಲ.

ಮುಚ್ಚಿದ ಮೇಲೆ

ಫೋಟೋ ನೋಡಿ ಒಂದೊಂದೇ ವಯರ್ ಹಾಕಿ. ಹಸಿರು ಅಥವಾ ಹಸಿರು ಹಳದಿ ವಯರ್ ಅರ್ತಿಂಗ್, ಅದು ತಗಡಿಗೆ ಗಟ್ಟಿ ಕೂತಿರಲಿ. ಯಾವ ವಯರೂ ಡ್ರಮ್ಮಿಗೆ, ಬೆಲ್ಟಿಗೆ, ಹೀಟರ್ ಪೆಟ್ಟಿಗೆಗೆ ತಾಗಬಾರದು. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರಿನ ಒಂದು ಮುಳ್ಳು ಪ್ಲಗ್ಗಿನ ದೊಡ್ಡ ಪಿನ್ನಿಗೆ, ಇನ್ನೊಂದು ಮೆಷಿನ್ನಿನ ಬಣ್ಣ ಇಲ್ಲದ ಸ್ಕ್ರೂಗೆ ಇಡಿ. ಸೊನ್ನೆಯ ಹತ್ತಿರ ಬಂದರೆ ಮೆಷಿನ್ನಿನ ಅರ್ತಿಂಗ್ ವಯರ್ ಸರಿಯಿದೆ.

ಮೊದಲ ಸಲ ಒಂದೆರಡು ಒದ್ದೆ ಬೈರಾಸು ಹಾಕಿ ಓಡಿಸಿ. ಮಿಣುಕು ಎಣಿಸಿ. ಅರ್ಧ ಗಂಟೆ ಪಕ್ಕದಲ್ಲೇ ಕುಳಿತಿರಿ, ಚಾ ಅಲ್ಲಿಗೇ ತರಿಸಿಕೊಳ್ಳಿ. ಉಳಿದ ನೂಲು, ಧೂಳಿನಿಂದ ಮೊದಲು ಸ್ವಲ್ಪ ವಾಸನೆ ಬರಬಹುದು. ಹೊಗೆ ಕಂಡರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಪ್ಲಗ್ ಕೀಳಿ.

ಹಬ್ಬದ ಎಣ್ಣೆ ಸ್ನಾನದ ಮರುದಿನಕ್ಕೆ ಒಂದು ಮಾತು. ಎಣ್ಣೆ ಮೆತ್ತಿದ ಬೈರಾಸು, ಅಡುಗೆಮನೆಯ ಮಸಿಬಟ್ಟೆ ಡ್ರೈಯರಿಗೆ ಹಾಕಬೇಡಿ. ತೊಳೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಬಿಸಿಯಾದ ಬಟ್ಟೆಯ ಗುಪ್ಪೆಯೊಳಗೆ ಎಣ್ಣೆ ತಾನೇ ಕಾದು ಹೊತ್ತಿಕೊಳ್ಳಬಹುದು. ಅದೇ ಕಾರಣಕ್ಕೆ ಕೊನೆಯ ತಣಿಸುವ ಹತ್ತು ನಿಮಿಷ ಮುಗಿಯದೆ ಮೆಷಿನ್ ನಿಲ್ಲಿಸಬೇಡಿ. ನಡುವೆ ಕರೆಂಟು ಹೋದರೆ ಬಾಗಿಲು ತೆರೆದು ಬಟ್ಟೆ ಹರವಿ.

ನಮ್ಮಲ್ಲಿ ಈಗ ಮೇ ಕೊನೆಯ ವಾರ ಒಂದು ಪದ್ಧತಿ ಆಗಿದೆ. ಸೋಗೆ, ಕಟ್ಟಿಗೆ ಒಳಗಿಡುವ ದಿನವೇ ಏಣಿ ಹಾಕಿ ಗೋಡೆಯ ಫ್ಲ್ಯಾಪ್ ಎತ್ತಿ ಟಾರ್ಚ್ ಬಿಡುತ್ತೇನೆ. ಪೈಪ್ ಕಳಚಿ ಕುಟ್ಟುತ್ತೇನೆ. ಖಾಲಿ ಮೆಷಿನ್ ಇಪ್ಪತ್ತು ನಿಮಿಷ ಬಿಸಿಯಲ್ಲಿ ಓಡಿಸುತ್ತೇನೆ. ಆಮೇಲೆ ಮಳೆ ಮುಗಿಯುವ ತನಕ ತಿಂಗಳಿಗೊಮ್ಮೆ ಫ್ಲ್ಯಾಪ್ ನೋಡುವುದು. ಕಳೆದ ವರ್ಷ ಮತ್ತೆ ಕಣಜ ಬಂದಿತ್ತು, ಈ ಸಲ ಪಕ್ಕದ ಬಚ್ಚಲಿನ ಪೈಪಿಗೆ.